ಐದು ಡಿಗ್ರಿ ದೂರದ ರಾಜಧಾನಿ

ಬೀದರ್‌ನಿಂದ ಬೆಂಗಳೂರಿಗೆ ಎಷ್ಟು ದೂರ? ಬಸ್ ನಿಲ್ದಾಣದಲ್ಲಿ ಕೇಳಿದರೆ ‘ಸುಮಾರು 700 ಕಿಲೋಮೀಟರ್’ ಎಂಬ ಉತ್ತರ ಸಿಗುತ್ತದೆ. ರೈಲು ನಿಲ್ದಾಣದಲ್ಲಿ ಕೇಳಿದರೆ ‘ಒಂದು ರಾತ್ರಿ’ ಎನ್ನುತ್ತಾರೆ. ವಿಮಾನದಲ್ಲಿ ಹೋಗಿಬಂದವರು ‘ಒಂದೂಕಾಲು ಗಂಟೆ’ ಎನ್ನುತ್ತಾರೆ. ಶಾಲೆಯ ಅಟ್ಲಾಸಿನ ಮೇಲೆ ಸ್ಕೇಲ್ ಇಟ್ಟು ಅಳೆದ ವಿದ್ಯಾರ್ಥಿ ‘550 ಕಿಲೋಮೀಟರ್‌ಗಿಂತ ಹೆಚ್ಚಿಲ್ಲ’ ಎಂದು ವಾದಿಸುತ್ತಾನೆ. ಈ ನಾಲ್ಕೂ ಉತ್ತರಗಳು ಸರಿ. ಆದರೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕಾದ ಔರಾದ್‌ನ ಹುಡುಗಿಗೆ, ಅವಳನ್ನು ಕಳುಹಿಸಬೇಕಾದ ತಂದೆತಾಯಿಗೆ ಈ ನಾಲ್ಕರಲ್ಲಿ ಯಾವ ಉತ್ತರವೂ ಸಾಲದು. ಅವರಿಗೆ ಬೇಕಾದದ್ದು ಮನೆ ಬಾಗಿಲಿನಿಂದ ಸಂದರ್ಶನದ ಬಾಗಿಲಿನವರೆಗಿನ ಹೊತ್ತು.

ದೂರ ಒಂದು, ಹೊತ್ತು ಇನ್ನೊಂದು. ಇವೆರಡರ ನಡುವಿನ ಸಂಬಂಧವನ್ನು ಅರಿಯಲು ಬೀದರ್ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಒಂದೇ ಗೆರೆಯ ಮೇಲೆ ಎರಡು ಊರು

ಅಟ್ಲಾಸ್ ತೆರೆದು ನೋಡಿದರೆ ಮೊದಲು ಕಣ್ಣಿಗೆ ಬೀಳುವ ಸಂಗತಿ ಎಂದರೆ ಬೀದರ್ ಮತ್ತು ಬೆಂಗಳೂರು ಬಹುತೇಕ ಒಂದೇ ರೇಖಾಂಶದ ಮೇಲೆ ಇವೆ. ಬೀದರ್ ನಗರ 77 ಡಿಗ್ರಿ 31 ಮಿನಿಟು ಪೂರ್ವ ರೇಖಾಂಶದಲ್ಲಿದ್ದರೆ, ಬೆಂಗಳೂರು 77 ಡಿಗ್ರಿ 35 ಮಿನಿಟಿನ ಆಸುಪಾಸಿನಲ್ಲಿದೆ. ಅಂದರೆ ಬೆಂಗಳೂರಿನಿಂದ ನೆಟ್ಟಗೆ ಉತ್ತರಕ್ಕೆ ಮುಖಮಾಡಿ ಹೊರಟರೆ ಬೀದರ್ ಸಿಗುತ್ತದೆ.

ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ರೇಖಾಂಶದ ಒಂದು ಮಿನಿಟಿಗೆ ನಾಲ್ಕು ಸೆಕೆಂಡು. ಆದ್ದರಿಂದ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಯ ಗೆರೆಗೆ ಬಂದ ಇಪ್ಪತ್ತು ಸೆಕೆಂಡಿನೊಳಗೆ ಬೀದರ್‌ನಲ್ಲೂ ನಡುಹಗಲು. ಆದರೆ ಬೀದರ್‌ನ ಪಶ್ಚಿಮಕ್ಕಿರುವ ಭಾಲ್ಕಿಯಲ್ಲಿ ನಡುಹಗಲಾಗಲು ಮತ್ತೂ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬೇಕು. ಸೂರ್ಯನ ಗಡಿಯಾರದ ಪ್ರಕಾರ ಬೀದರ್‌ಗೆ ನಲವತ್ತು ಕಿಲೋಮೀಟರ್ ದೂರದ ಭಾಲ್ಕಿಗಿಂತ ಬೆಂಗಳೂರೇ ಹತ್ತಿರ!

ಎರಡು ಊರುಗಳು ಒಂದೇ ರೇಖಾಂಶದ ಮೇಲಿದ್ದರೆ ಅವುಗಳ ನಡುವಿನ ದೂರ ಕಂಡುಹಿಡಿಯುವುದು ಏಳನೇ ತರಗತಿಯ ಮಕ್ಕಳಿಗೂ ಸಾಧ್ಯ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಒಂದು ಡಿಗ್ರಿಯಲ್ಲಿ 60 ಮಿನಿಟು. ಒಂದು ಮಿನಿಟಿನಷ್ಟು ದೂರವನ್ನೇ ನಾವಿಕರು ‘ನಾಟಿಕಲ್ ಮೈಲಿ’ ಎಂದು ಕರೆದರು. ಅದು 1.852 ಕಿ.ಮೀ.ಗೆ ಸಮ. ಹಡಗು ನಡೆಸುವವರ ಈ ಅಳತೆಯನ್ನು ವಿಮಾನ ನಡೆಸುವವರು ಇಂದಿಗೂ ಬಿಟ್ಟಿಲ್ಲ. ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗುರುತುಗಳೇ ಅವರಿಗೆ ಅಳತೆಪಟ್ಟಿ.

ಬೀದರ್ ವಿಮಾನ ನಿಲ್ದಾಣ 17 ಡಿಗ್ರಿ 54 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 13 ಡಿಗ್ರಿ 12 ಮಿನಿಟಿನಲ್ಲಿದೆ. ವ್ಯತ್ಯಾಸ 4 ಡಿಗ್ರಿ 42 ಮಿನಿಟು, ಅಂದರೆ 282 ಮಿನಿಟು. ಅದೇ 282 ನಾಟಿಕಲ್ ಮೈಲಿ. ಅದನ್ನು 1.852ರಿಂದ ಗುಣಿಸಿದರೆ ಸುಮಾರು 520 ಕಿ.ಮೀ. ಎಂಬ ಉತ್ತರ ಬರುತ್ತದೆ. ಇದು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ ಆಕಾಶಮಾರ್ಗದ ದೂರ. ಊರಿನಿಂದ ಊರಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದು ಡಿಗ್ರಿ, ಸುಮಾರು 545 ಕಿ.ಮೀ. ಅಟ್ಲಾಸಿನ ಮೇಲೆ ಸ್ಕೇಲ್ ಇಟ್ಟ ವಿದ್ಯಾರ್ಥಿಯ ವಾದದಲ್ಲಿ ತಪ್ಪಿಲ್ಲ.

ಸರಪಳಿ ಹಿಡಿದು ಅಳೆದವರು

ಇಂದು ನಿಮಿಷದಲ್ಲಿ ಮುಗಿಯುವ ಈ ಲೆಕ್ಕದ ಹಿಂದೆ ಇನ್ನೂರು ವರ್ಷಗಳ ಹಿಂದಿನ ಒಂದು ದೊಡ್ಡ ಸಾಹಸವಿದೆ. ಅದರಲ್ಲಿ ಬೆಂಗಳೂರಿಗೂ ಪಾತ್ರವಿದೆ, ಬೀದರ್‌ಗೂ ಪಾತ್ರವಿದೆ.

ಟಿಪ್ಪು ಸುಲ್ತಾನನ ಪತನದ ನಂತರ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ದಕ್ಷಿಣ ಭಾರತವನ್ನು ನಿಖರವಾಗಿ ಅಳೆಯುವ ಯೋಜನೆ ಹಾಕಿದ. 1800ರಲ್ಲಿ ಬೆಂಗಳೂರಿನ ಕೃಷ್ಣರಾಜಪುರ ಮತ್ತು ಅಗರದ ನಡುವೆ ಉಕ್ಕಿನ ಸರಪಳಿಯಿಂದ ಏಳೂವರೆ ಮೈಲಿಯಷ್ಟು ಉದ್ದದ ಒಂದು ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂದು ಮುಂದೆ ಹೆಸರಾದ ಕೆಲಸ ಆರಂಭವಾಯಿತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರ ರೇಖೆ ಸಿದ್ಧವಾಯಿತು.

ಇಡೀ ದೇಶವನ್ನು ಸರಪಳಿಯಿಂದ ಅಳೆಯುವುದು ಅಸಾಧ್ಯ. ಅದಕ್ಕೆ ಉಪಾಯ ತ್ರಿಕೋನ. ತ್ರಿಕೋನದ ಒಂದು ಬದಿಯ ಉದ್ದ ಮತ್ತು ಎರಡು ಕೋನಗಳು ಗೊತ್ತಿದ್ದರೆ ಉಳಿದ ಎರಡು ಬದಿಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಸಿಕ್ಕ ಬದಿಯನ್ನು ಆಧಾರವಾಗಿಟ್ಟುಕೊಂಡು ಮುಂದಿನ ತ್ರಿಕೋನ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ತ್ರಿಕೋನಗಳ ಮಾಲೆ ಬೆಳೆಯುತ್ತ ಹೋಯಿತು. ಕೋನ ಅಳೆಯುವ ಥಿಯೊಡೊಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್. ಅದನ್ನು ಹೊತ್ತು ಕಾಡು, ಜ್ವರ, ಮಳೆಗಳ ನಡುವೆ ತಂಡ ಉತ್ತರಕ್ಕೆ ಸಾಗಿತು.

ಲೆಕ್ಕದಲ್ಲಿ ಎಲ್ಲಾದರೂ ತಪ್ಪು ನುಸುಳಿದೆಯೇ ಎಂದು ತಿಳಿಯಲು ನೂರಾರು ಮೈಲಿಗೊಮ್ಮೆ ಮತ್ತೆ ನೆಲದ ಮೇಲೆ ಸರಪಳಿ ಎಳೆದು ತಾಳೆ ನೋಡಬೇಕಿತ್ತು. ಅಂಥ ಒಂದು ಆಧಾರ ರೇಖೆಯನ್ನು ಲ್ಯಾಂಬ್ಟನ್ 1815ರಲ್ಲಿ ಅಳೆದದ್ದು ಬೀದರ್ ಸಮೀಪದ ದಾಮರಗಿದ್ದದಲ್ಲಿ. 18 ಡಿಗ್ರಿ 3 ಮಿನಿಟು ಅಕ್ಷಾಂಶದ ಆ ಸ್ಥಳ ಭಾರತದ ‘ಮಹಾ ಕಂಸ’ದ ಒಂದು ಮುಖ್ಯ ಗುರುತಾಯಿತು. ಬೆಂಗಳೂರಿನ ಆಧಾರ ರೇಖೆಗೂ ಬೀದರ್‌ನದಕ್ಕೂ ನಡುವೆ ಹನ್ನೊಂದು ವರ್ಷ. ಆ ಅವಧಿಯಲ್ಲಿ ಲ್ಯಾಂಬ್ಟನ್ ದಕ್ಷಿಣದ ತುದಿಯವರೆಗೂ ಹೋಗಿಬಂದಿದ್ದ ಎಂಬುದು ನಿಜ. ಆದರೂ ಈಗ ಒಂದೂಕಾಲು ಗಂಟೆಯಲ್ಲಿ ದಾಟುವ ಗೆರೆ ಅದು ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ.

ಲ್ಯಾಂಬ್ಟನ್ ನಂತರ ಜಾರ್ಜ್ ಎವರೆಸ್ಟ್ ಈ ಕೆಲಸ ಮುಂದುವರಿಸಿದ. ಅವನ ಕೈಕೆಳಗಿನ ಆಂಡ್ರೂ ವಾ 1841ರಲ್ಲಿ ಬೀದರ್ ಆಧಾರ ರೇಖೆಯನ್ನು ಹೊಸ ಉಪಕರಣಗಳಿಂದ ಮರಳಿ ಅಳೆದ. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಎವರೆಸ್ಟ್ ಹೆಸರನ್ನು 1856ರಲ್ಲಿ ಸೂಚಿಸಿದವನು ಇದೇ ವಾ. ಬೀದರ್‌ನ ಬಯಲಿನಲ್ಲಿ ದೂರ ಅಳೆದ ಕೈಗಳೇ ಮುಂದೆ ಹಿಮಾಲಯದ ಎತ್ತರವನ್ನೂ ಅಳೆಸಿದವು.

ದಿನಗಳ ಲೆಕ್ಕದಿಂದ ಗಂಟೆಗಳ ಲೆಕ್ಕಕ್ಕೆ

ಸರಪಳಿ ಬರುವ ಮೊದಲು ಜನ ದೂರವನ್ನು ಅಳೆಯುತ್ತಿದ್ದುದು ದಿನಗಳಲ್ಲಿ. 15ನೇ ಶತಮಾನದಲ್ಲಿ ರಷ್ಯದ ತ್ವೇರ್ ನಗರದಿಂದ ಬಹಮನಿಗಳ ರಾಜಧಾನಿ ಬೀದರ್‌ಗೆ ಬಂದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ಊರಿಂದ ಊರಿಗೆ ಇಷ್ಟು ದಿನದ ದಾರಿ ಎಂದೇ ಬರೆದುಕೊಂಡ. ಈಗಿನ ಪುಣೆ ಜಿಲ್ಲೆಯ ಜುನ್ನರ್‌ನಿಂದ ಬೀದರ್ ತಲುಪಲು ಅವನಿಗೆ ಒಂದು ತಿಂಗಳು ಹಿಡಿಯಿತು. ಆಗ ಬೀದರ್ ದೂರದ ಊರಾಗಿರಲಿಲ್ಲ. ಅದೇ ಕೇಂದ್ರ. ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾಕ್ಕೆ ವಿದ್ವಾಂಸರು ಹೊರದೇಶಗಳಿಂದ ಬರುತ್ತಿದ್ದರು.

ಬೀದರ್ ‘ದೂರದ ಊರು’ ಆದದ್ದು ತೀರಾ ಇತ್ತೀಚೆಗೆ, ಅದೂ ಒಂದೇ ದಿನದಲ್ಲಿ. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದ್ ರಾಜ್ಯದ ಜಿಲ್ಲೆ. ರಾಜಧಾನಿ ಹೈದರಾಬಾದ್ ಇದ್ದದ್ದು ಸುಮಾರು 140 ಕಿ.ಮೀ. ದೂರದಲ್ಲಿ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮರಳಬಹುದಾದಷ್ಟು ಹತ್ತಿರ. ಭಾಷಾವಾರು ಪ್ರಾಂತ್ಯ ರಚನೆಯಾದಾಗ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜಧಾನಿ ರಸ್ತೆಯಲ್ಲಿ ಐದು ಪಟ್ಟು ದೂರ ಸರಿಯಿತು. ಭಾಷೆ ಹತ್ತಿರ ಬಂತು, ರಾಜಧಾನಿ ದೂರ ಹೋಯಿತು. ಗಡಿ ಜಿಲ್ಲೆಯ ಅನೇಕ ಕುಟುಂಬಗಳು ಆಸ್ಪತ್ರೆಗೆ, ವ್ಯಾಪಾರಕ್ಕೆ ಇಂದಿಗೂ ಹೈದರಾಬಾದ್ ಕಡೆಗೇ ಹೊರಡುವುದರ ಗುಟ್ಟು ಇದೇ.

ರೈಲಿನ ಕಥೆಯೂ ಹಾಗೇ. ನಿಜಾಮರ ಕಾಲದ ಹಳಿಗಳು ಬೀದರ್ ಮತ್ತು ಭಾಲ್ಕಿಯನ್ನು ವಿಕಾರಾಬಾದ್ ಮೂಲಕ ಹೈದರಾಬಾದ್‌ಗೆ, ಇನ್ನೊಂದು ತುದಿಯಲ್ಲಿ ಪರಳಿಗೆ ಜೋಡಿಸಿದ್ದವು. ಪಕ್ಕದ ಕಲಬುರಗಿಗೆ ನೇರ ಹಳಿ ಇರಲಿಲ್ಲ. ರೈಲಿನಲ್ಲೇ ಹೋಗಬೇಕೆಂದರೆ ತೆಲಂಗಾಣದ ನೆಲವನ್ನು ಬಳಸಿ ಬರಬೇಕಿತ್ತು. ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ನೆಲದ ದೂರ ಮೊದಲಿನಷ್ಟೇ ಇದ್ದರೂ ದಾರಿಯ ದೂರ ಆ ದಿನ ಕಡಿಮೆಯಾಯಿತು.

ಆಕಾಶದಲ್ಲಿ ಜೆಟ್, ನೆಲದಲ್ಲಿ ಬಸ್ಸು

ಬೀದರ್‌ನ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿನ ವಾಯುಪಡೆ ನೆಲೆಯಲ್ಲಿ ಯುದ್ಧವಿಮಾನ ಚಾಲಕರಿಗೆ ತರಬೇತಿ ನಡೆಯುತ್ತದೆ. 2008ರಲ್ಲಿ ಹಾಕ್ ತರಬೇತಿ ಜೆಟ್‌ಗಳು ವಾಯುಪಡೆಗೆ ಸೇರಿದ್ದು ಇಲ್ಲಿಯೇ. 1996ರಲ್ಲಿ ರಚನೆಯಾದ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ನೆಲೆಯೂ ಬೀದರ್. ತಲೆಯ ಮೇಲೆ ದಿನವೂ ಜೆಟ್ ಹಾರುತ್ತಿದ್ದರೂ ಆ ರನ್‌ವೇಯಿಂದ ಸಾಮಾನ್ಯ ಪ್ರಯಾಣಿಕ ಮೇಲೇರಲು 2020ರವರೆಗೆ ಕಾಯಬೇಕಾಯಿತು.

ಅದಕ್ಕೆ ಒಂದು ಕಾರಣವೂ ‘ದೂರ’ವೇ! 2008ರಲ್ಲಿ ಆರಂಭವಾದ ಹೈದರಾಬಾದ್‌ನ ಶಂಷಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಆಕಾಶದೂರದೊಳಗೆ ಇನ್ನೊಂದು ನಾಗರಿಕ ವಿಮಾನ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ ಎಂಬ ಷರತ್ತಿತ್ತು. ಬೀದರ್‌ನಿಂದ ಶಂಷಾಬಾದ್‌ಗೆ ನೇರ ದೂರ ಸುಮಾರು 125 ಕಿ.ಮೀ. ಹಾಗಾಗಿ ಬೀದರ್‌ನಲ್ಲಿ ಟರ್ಮಿನಲ್ ಕಟ್ಟಡ ಎದ್ದು ನಿಂತರೂ ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ.

ಸಣ್ಣ ಊರುಗಳಿಗೂ ವಿಮಾನ ತಲುಪಿಸುವ ಕೇಂದ್ರದ ‘ಉಡಾನ್’ ಯೋಜನೆ 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಜಾರಿಗೆ ಬಂತು. ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಕೆಲವು ಆಸನಗಳನ್ನು 2,500 ರೂಪಾಯಿಯ ಮಿತಿಯಲ್ಲಿ ಕೊಡಬೇಕು, ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ ಎಂಬುದು ಅದರ ಮೂಲ ಸೂತ್ರವಾಗಿತ್ತು. ಬೀದರ್–ಬೆಂಗಳೂರಿನ ದೂರ ಈ ಸೂತ್ರಕ್ಕೆ ಅಳತೆ ಮಾಡಿದಂತೆ ಹೊಂದುತ್ತಿತ್ತು. 2020ರ ಫೆಬ್ರುವರಿ 7ರಂದು ಬೀದರ್ ನಾಗರಿಕ ಟರ್ಮಿನಲ್ ಉದ್ಘಾಟನೆಯಾಯಿತು. ಟ್ರೂಜೆಟ್ ಸಂಸ್ಥೆಯ ಎಟಿಆರ್ ವಿಮಾನ ಬೆಂಗಳೂರಿನಿಂದ ಹಾರಿಬಂತು.

ಆದರೆ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಕೋವಿಡ್ ಕಾರಣದಿಂದ ಆ ವರ್ಷ ಮಾರ್ಚ್ 25ರಂದು ದೇಶದೊಳಗಿನ ವಿಮಾನ ಸಂಚಾರವೆಲ್ಲ ನಿಂತಿತು. ಮೇ 25ರಂದು ದೇಶದಲ್ಲಿ ಹಾರಾಟ ಮರಳಿ ಆರಂಭವಾಯಿತು. ಆದರೆ ಬೀದರ್‌ನ ಸೇವೆ ಗಟ್ಟಿಯಾಗಿ ಬೇರೂರಲಿಲ್ಲ. 2022ರಲ್ಲಿ ಟ್ರೂಜೆಟ್ ಹಾರಾಟವನ್ನೇ ನಿಲ್ಲಿಸಿತು. ಅದೇ ವರ್ಷ ಜೂನ್‌ನಲ್ಲಿ ಸ್ಟಾರ್ ಏರ್ ತನ್ನ ಎಂಬ್ರೇಯರ್ ಜೆಟ್‌ನೊಂದಿಗೆ ಬಂತು. 2023ರ ಕೊನೆಗೆ ಅದೂ ನಿಂತಿತು. ರಾಜ್ಯ ಸರ್ಕಾರದ ನೆರವಿನೊಂದಿಗೆ 2025ರ ಏಪ್ರಿಲ್‌ನಲ್ಲಿ ಸೇವೆ ಪುನಃ ಶುರುವಾಯಿತು.

ಬಂದದ್ದು, ನಿಂತದ್ದು, ಮತ್ತೆ ಬಂದದ್ದು. ಈ ಕಥೆಯಲ್ಲಿ ಪಾಲಕರು ಗಮನಿಸಬೇಕಾದ ಒಂದು ಅಂಶವಿದೆ. ಐವತ್ತು, ಎಪ್ಪತ್ತು ಆಸನಗಳ ಚಿಕ್ಕ ವಿಮಾನದಲ್ಲಿ ಇಂಧನ, ಸಿಬ್ಬಂದಿ, ನಿರ್ವಹಣೆಗಳ ಖರ್ಚನ್ನು ಹಂಚಿಕೊಳ್ಳುವವರು ಕಡಿಮೆ. ನೆರವಿನ ಅವಧಿ ಮುಗಿದ ಮೇಲೆ ಟಿಕೆಟ್ ದರ ಏರುತ್ತದೆ, ಇಲ್ಲವೇ ಆಸನಗಳು ಖಾಲಿ ಉಳಿಯುತ್ತವೆ. ವಿಮಾನ ಹಾರದ ದಿನ ‘ಒಂದೂಕಾಲು ಗಂಟೆ’ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಮೂರು ಪಟ್ಟು ದೂರ, ಮೂರು ಪಟ್ಟು ಹೊತ್ತಲ್ಲ

ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುತ್ತದೆ ಎನ್ನುತ್ತಾರೆ. ಹಾಗಾದರೆ 520 ಕಿ.ಮೀ. ದಾಟಲು 39 ನಿಮಿಷ ಸಾಕಲ್ಲವೇ? ಟಿಕೆಟ್ಟಿನಲ್ಲಿ 70, 75 ನಿಮಿಷ ಎಂದು ಏಕೆ ಬರೆದಿರುತ್ತಾರೆ?

ವಿಮಾನಯಾನ ಸಂಸ್ಥೆಗಳು ಪ್ರಕಟಿಸುವ ಹೊತ್ತು ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನದಲ್ಲ. ನಿಂತ ಜಾಗದಿಂದ ಹೊರಟು, ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ಜಾಗ ತಲುಪುವವರೆಗಿನದು. ರನ್‌ವೇವರೆಗೆ ನಿಧಾನವಾಗಿ ಸಾಗಬೇಕು. ದಟ್ಟಣೆಯ ನಿಲ್ದಾಣವಾದರೆ ಸರದಿಯಲ್ಲಿ ನಿಲ್ಲಬೇಕು. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ಇಳಿಯುವ ಮೊದಲು ಗಾಳಿಗೆ ಎದುರಾಗಿ ರನ್‌ವೇಯ ನೇರಕ್ಕೆ ಬರಲು ಸುತ್ತು ಹಾಕಬೇಕು. ಈ ಎಲ್ಲಕ್ಕೂ ಸೇರಿ ಸುಮಾರು 35 ನಿಮಿಷ ಹೆಚ್ಚುವರಿ. ಹತ್ತಿರದ ಊರಾದರೂ ಅಷ್ಟೇ, ದೂರದ ಊರಾದರೂ ಹೆಚ್ಚುಕಡಿಮೆ ಅಷ್ಟೇ.

ಬೆಂಗಳೂರು–ದೆಹಲಿ ಉದಾಹರಣೆ ನೋಡಿ. ಗ್ಲೋಬಿನ ಮೇಲೆ ಈ ಎರಡು ನಗರಗಳ ನಡುವೆ ದಾರ ಎಳೆದು ಹಿಡಿದರೆ ಅದು ಹಾದುಹೋಗುವುದು ಬೀದರ್ ಮೇಲೆಯೇ. ದೂರ ಸುಮಾರು 1,700 ಕಿ.ಮೀ., ಬೀದರ್ ದೂರದ ಮೂರು ಪಟ್ಟಿಗೂ ಹೆಚ್ಚು. ಹೊತ್ತು ಮಾತ್ರ ಸುಮಾರು ಎರಡೂ ಮುಕ್ಕಾಲು ಗಂಟೆ, ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. 1,700ನ್ನು 800ರಿಂದ ಭಾಗಿಸಿ 35 ನಿಮಿಷ ಕೂಡಿಸಿದರೆ ಇದೇ ಉತ್ತರ ಬರುತ್ತದೆ. ಬೀಜಗಣಿತದ ಸರಳ ರೇಖೆಯ ಸಮೀಕರಣ ಓದುವ ಮಕ್ಕಳಿಗೆ ಇದು ಪರಿಚಿತ ಲೆಕ್ಕ: ಒಂದು ಸ್ಥಿರ ಸಂಖ್ಯೆ, ಅದಕ್ಕೆ ದೂರದೊಂದಿಗೆ ಬೆಳೆಯುವ ಇನ್ನೊಂದು ಸಂಖ್ಯೆ.

ವಿಮಾನದ ಬಗೆಯೂ ಮುಖ್ಯ. ರೆಕ್ಕೆಯಲ್ಲಿ ಪ್ರೊಪೆಲರ್ ತಿರುಗುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅದರಲ್ಲಿ ಬೀದರ್ ಪ್ರಯಾಣಕ್ಕೆ ಒಂದೂವರೆ ಗಂಟೆಗೂ ಹೆಚ್ಚು ಬೇಕು. ಆದರೆ ಅದು ಇಂಧನ ಕಡಿಮೆ ಕುಡಿಯುತ್ತದೆ, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ತಡವಾದರೂ ಸಣ್ಣ ಊರುಗಳಿಗೆ ಅದು ಒಗ್ಗುವುದು ಇದಕ್ಕೇ.

ಬಹುದೂರದ ಹಾರಾಟದಲ್ಲಿ ಇನ್ನೊಂದು ಸೋಜಿಗವಿದೆ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಚಾಲಕರೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟಿತು. ಗೋಡೆಯ ನಕ್ಷೆ ನೋಡಿದವರಿಗೆ ಪೆಸಿಫಿಕ್ ಸಾಗರದ ಮೇಲೆ ನೇರವಾಗಿ ಬರಬೇಕು ಅನ್ನಿಸುತ್ತದೆ. ಆದರೆ ಅದು ಬಂದದ್ದು ಉತ್ತರ ಧ್ರುವದ ಮೇಲಿಂದ. ಭೂಮಿ ದುಂಡಗಿದೆ, ನಕ್ಷೆ ಚಪ್ಪಟೆಯಾಗಿದೆ. ಗ್ಲೋಬಿನ ಮೇಲೆ ದಾರ ಎಳೆದರೆ ಧ್ರುವದ ದಾರಿಯೇ ಹತ್ತಿರ. ಸುಮಾರು 14,000 ಕಿ.ಮೀ. ದೂರಕ್ಕೆ ಹಿಡಿದದ್ದು ಸುಮಾರು ಹದಿನೇಳು ಗಂಟೆ. ಅಷ್ಟು ದೂರದಲ್ಲಿ 35 ನಿಮಿಷದ ಹೆಚ್ಚುವರಿ ಲೆಕ್ಕಕ್ಕೇ ಬರುವುದಿಲ್ಲ. ಬೀದರ್ ದೂರದಲ್ಲಿ ಅದು ಪ್ರಯಾಣದ ಅರ್ಧ.

ಔರಾದ್‌ನಿಂದ ಮೆಜೆಸ್ಟಿಕ್‌ಗೆ

ಈಗ ಮೊದಲ ಪ್ರಶ್ನೆಗೆ ಮರಳೋಣ. ಔರಾದ್‌ನ ಮನೆಯಿಂದ ಬೆಂಗಳೂರಿನ ಮೆಜೆಸ್ಟಿಕ್‌ಗೆ ಎಷ್ಟು ಹೊತ್ತು? ಎಲ್ಲವೂ ಸಲೀಸಾಗಿ ನಡೆಯಿತು ಎಂದೇ ಇಟ್ಟುಕೊಳ್ಳೋಣ.

ಔರಾದ್‌ನಿಂದ ಬೀದರ್‌ಗೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್. ಬಸ್ಸಿಗೆ ಒಂದೂಕಾಲು ಗಂಟೆ. ಬಸ್ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ. ತಪಾಸಣೆಗಾಗಿ ಒಂದೂವರೆ ಗಂಟೆ ಮೊದಲೇ ಹಾಜರಿ. ಹಾರಾಟ ಒಂದೂಕಾಲು ಗಂಟೆ. ಇಳಿದು ಚೀಲ ಪಡೆಯಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ವಾಹನ ದಟ್ಟಣೆಯಲ್ಲಿ ಒಂದೂವರೆ ಗಂಟೆ. ಒಟ್ಟು ಆರೂವರೆ ಗಂಟೆ. ಇದರಲ್ಲಿ ವಿಮಾನದೊಳಗೆ ಕಳೆದದ್ದು ಐದನೇ ಒಂದು ಭಾಗಕ್ಕಿಂತ ಕಡಿಮೆ!

ಅದೇ ಹುಡುಗಿ ಬೀದರ್‌ಗೆ ಬಂದು ರಾತ್ರಿ ರೈಲು ಹಿಡಿದರೆ? ಬಸ್ಸು, ಕಾಯುವುದು, ಹನ್ನೆರಡರಿಂದ ಹದಿನಾಲ್ಕು ಗಂಟೆಯ ರೈಲು, ಯಶವಂತಪುರದಿಂದ ಮುಂದಿನ ದಾರಿ ಸೇರಿ ಸುಮಾರು ಹದಿನೈದೂವರೆ ಗಂಟೆ. ಶಂಷಾಬಾದ್‌ಗೆ ರಸ್ತೆಯಲ್ಲಿ ಹೋಗಿ ಅಲ್ಲಿಂದ ವಿಮಾನ ಹಿಡಿದರೆ ಒಂಬತ್ತೂವರೆ ಗಂಟೆಯ ಆಸುಪಾಸು.

ಔರಾದ್‌ನಿಂದ ಬೆಂಗಳೂರಿಗೆ ನೇರ ದೂರ ಸುಮಾರು 585 ಕಿ.ಮೀ. ಅದನ್ನು ಮನೆ ಬಾಗಿಲಿನ ಹೊತ್ತಿನಿಂದ ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. ವಿಮಾನದ ಪ್ರಯಾಣಕ್ಕೆ ಗಂಟೆಗೆ 90 ಕಿ.ಮೀ., ರೈಲಿನದಕ್ಕೆ 38 ಕಿ.ಮೀ. ಆಕಾಶದ 800 ಕಿ.ಮೀ. ವೇಗ ಔರಾದ್‌ನ ಮನೆಯಂಗಳ ತಲುಪುವಾಗ 90ಕ್ಕೆ ಇಳಿದಿರುತ್ತದೆ.

ಹಾಗೆಂದು ವಿಮಾನದಿಂದ ಪ್ರಯೋಜನವಿಲ್ಲ ಎಂದಲ್ಲ. ಒಂಬತ್ತು ಗಂಟೆ ಉಳಿತಾಯ ಸಣ್ಣದಲ್ಲ. ತುರ್ತು ಚಿಕಿತ್ಸೆಗೆ ಹೋಗುವವರಿಗೆ, ಒಂದೇ ದಿನದ ರಜೆ ಇರುವವರಿಗೆ ಅದರ ಬೆಲೆ ಕಟ್ಟಲಾಗದು. ಆದರೆ ರೈಲಿನ ಹದಿನೈದು ಗಂಟೆಯಲ್ಲಿ ಎಂಟು ಗಂಟೆ ನಿದ್ರೆ. ರಾತ್ರಿ ಹೊರಟು ಬೆಳಿಗ್ಗೆ ಇಳಿದರೆ ಕೋಣೆಯ ಬಾಡಿಗೆ ಉಳಿಯುತ್ತದೆ. ವಿಮಾನ ಮಧ್ಯಾಹ್ನದ ಮೇಲೆ ಹೊರಡುವುದಾದರೆ ಸೋಮವಾರದ ಸಂದರ್ಶನಕ್ಕೆ ಭಾನುವಾರವೇ ಹೋಗಿ ತಂಗಬೇಕು. ಭಾನುವಾರ ಹಾರಾಟ ಇಲ್ಲದಿದ್ದರೆ ಶನಿವಾರವೇ ಹೊರಡಬೇಕು. ಎರಡು ಹಾರಾಟಗಳ ನಡುವೆ ಕಾಯುವ ಹೊತ್ತೂ ಪ್ರಯಾಣದ ಹೊತ್ತೇ. ಶಂಷಾಬಾದ್ ದೂರವಿದ್ದರೂ ಅಲ್ಲಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ. ಹೀಗಾಗಿ ಕೆಲವು ದಿನ ಹತ್ತಿರದ ನಿಲ್ದಾಣಕ್ಕಿಂತ ದೂರದ ನಿಲ್ದಾಣವೇ ಬೇಗ ತಲುಪಿಸುತ್ತದೆ.

ದೂರ ಕಡಿಮೆ ಮಾಡುವ ಇನ್ನೊಂದು ದಾರಿ

ರಾಜಧಾನಿ ಹತ್ತಿರವಾಗಲು ವೇಗದ ವಾಹನವೊಂದೇ ದಾರಿಯಲ್ಲ. ರಾಜಧಾನಿಯಲ್ಲಿರುವುದನ್ನು ಊರಿಗೆ ತರುವುದೂ ಒಂದು ದಾರಿ. ಗಡಿ ಜಿಲ್ಲೆಗೆ ಹೆಚ್ಚು ಉಪಕಾರ ಮಾಡಿದ್ದು ಈ ಎರಡನೆಯದು.

ನಿಜಾಮರ ಆಡಳಿತದಲ್ಲಿ ಕನ್ನಡ ಶಿಕ್ಷಣ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಮುಂದೆ 1980ರಲ್ಲಿ ಬೀದರ್‌ನಲ್ಲಿ, 1982ರಲ್ಲಿ ಭಾಲ್ಕಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬಂದವು. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್‌ಗೆ ಬಂದ ಮೇಲೆ ದಾರಿಯ ದಿಕ್ಕೂ ಬದಲಾಯಿತು. ದಕ್ಷಿಣದ ಜಿಲ್ಲೆಗಳ ವಿದ್ಯಾರ್ಥಿಗಳು ಓದಲು ಉತ್ತರಕ್ಕೆ ಬರತೊಡಗಿದರು. ಹೈಕೋರ್ಟಿನ ಕಲಬುರಗಿ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅಲ್ಲಿಯವರೆಗೆ ಮೇಲ್ಮನವಿಗೆ ಬೆಂಗಳೂರೇ ಗತಿಯಾಗಿತ್ತು.

ಸಿಇಟಿ ವ್ಯವಸ್ಥೆ 1994ರಲ್ಲಿ ಬಂದಾಗ ಸೀಟು ಆರಿಸಿಕೊಳ್ಳಲು ಅಂಕಪಟ್ಟಿಗಳ ಕಡತ ಹಿಡಿದು ಬೆಂಗಳೂರಿಗೆ ಹೋಗಿ ಸರದಿಯಲ್ಲಿ ಕೂರಬೇಕಿತ್ತು. ಈಗ ಸೀಟು ಆಯ್ಕೆ ಆನ್‌ಲೈನ್. ಈ ಒಂದು ಕೆಲಸದ ಮಟ್ಟಿಗೆ ಔರಾದ್‌ಗೂ ಬೆಂಗಳೂರಿಗೂ ದೂರವೇ ಉಳಿದಿಲ್ಲ. ಯಾವ ಜೆಟ್ ವಿಮಾನವೂ ಸಾಧಿಸಲಾಗದ ವೇಗ ಅದು.

ಆದರೂ ಸಂದರ್ಶನ, ದೊಡ್ಡ ಆಸ್ಪತ್ರೆ, ಕಾಲೇಜಿನ ಮೊದಲ ದಿನ ಇವಕ್ಕೆಲ್ಲ ಖುದ್ದು ಹೋಗಲೇಬೇಕು. ಆಗ ಪಾಲಕರು ಕೇಳಬೇಕಾದ ಪ್ರಶ್ನೆ ‘ವಿಮಾನ ಎಷ್ಟು ಹೊತ್ತು ಹಾರುತ್ತದೆ’ ಎಂಬುದಲ್ಲ. ಅದು ಆ ದಿನ ಹಾರುತ್ತದೆಯೇ, ತಪ್ಪಿದರೆ ಮುಂದಿನದು ಯಾವಾಗ, ಎರಡೂ ತುದಿಗಳ ನೆಲದ ದಾರಿಗೆ ಎಷ್ಟು ಹೊತ್ತು ಎಂಬುದು. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಟಿಕೆಟ್ ತೆಗೆಸಿದರೆ ಮಗಳು ಸಂದರ್ಶನದ ಬಾಗಿಲಲ್ಲಿ ಹತ್ತಕ್ಕೆ ಹತ್ತು ನಿಮಿಷ ಮೊದಲೇ ಇರುತ್ತಾಳೆ.

ನೀವೇ ಲೆಕ್ಕ ಹಾಕಿ

1. ಉತ್ತರ–ದಕ್ಷಿಣವಾಗಿರುವ ಎರಡು ಊರುಗಳ ಅಕ್ಷಾಂಶವನ್ನು ಅಟ್ಲಾಸಿನಲ್ಲಿ ಹುಡುಕಿ. ವ್ಯತ್ಯಾಸವನ್ನು ಮಿನಿಟಿಗೆ ಬದಲಿಸಿ 1.852ರಿಂದ ಗುಣಿಸಿ. ನೇರ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ.

2. ಊರುಗಳು ಬೇರೆ ಬೇರೆ ರೇಖಾಂಶದಲ್ಲಿದ್ದರೆ ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದು ಗುರುತು ಮಾಡಿ. ಅದೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ಎಷ್ಟು ಡಿಗ್ರಿ ಎಂದು ನೋಡಿ 111ರಿಂದ ಗುಣಿಸಿ.

3. ಜೆಟ್ ವಿಮಾನದ ಹೊತ್ತಿಗೆ ದೂರವನ್ನು 800ರಿಂದ ಭಾಗಿಸಿ, 35 ನಿಮಿಷ ಕೂಡಿಸಿ. ಖಂಡಾಂತರ ಪ್ರಯಾಣವಾದರೆ 850ರಿಂದ ಭಾಗಿಸಿ. ಗಾಳಿಯ ಎದುರು ಹಾರುವಾಗ ಹೆಚ್ಚು, ಗಾಳಿಯ ಜತೆ ಹಾರುವಾಗ ಕಡಿಮೆ.

4. ಮನೆಯಿಂದ ನಿಲ್ದಾಣ, ತಪಾಸಣೆ, ಚೀಲ, ನಿಲ್ದಾಣದಿಂದ ಊರು ಇವನ್ನೆಲ್ಲ ಕೂಡಿಸಿ. ನೇರ ದೂರವನ್ನು ಈ ಒಟ್ಟು ಹೊತ್ತಿನಿಂದ ಭಾಗಿಸಿದರೆ ಬರುವುದೇ ನಿಮ್ಮ ಪ್ರಯಾಣದ ನಿಜವಾದ ವೇಗ. ಬಸ್ಸು, ರೈಲುಗಳಿಗೂ ಇದೇ ಲೆಕ್ಕ ಮಾಡಿ ಹೋಲಿಸಿ ನೋಡಿ.